ಈಗ ಚೆನ್ನಾಗಿದೀನಲ್ಲ, ಇನ್ನೂ ಮಾತ್ರೆ ಬೇಕಾ?

ಬಸವನಗುಡಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಹಾರ್ಟ್ ಅಟ್ಯಾಕ್ ಆದವರು, ಸ್ಟ್ರೋಕ್ ಆದವರು ಕೌಂಟರ್ ಮುಂದೆ ನಿಂತು ಪದೇ ಪದೇ ಕೇಳೋದು ಇದನ್ನೇ: 'ಆರಾಮಾಗಿದೀನಿ, ರಿಪೋರ್ಟೂ ನಾರ್ಮಲ್ ಬಂದಿದೆ. ಇನ್ನೂ ಮಾತ್ರೆ ಬೇಕಾ?'

ಬೇಕು. ರಿಪೋರ್ಟ್ ನಾರ್ಮಲ್ ಬಂದಿರುವುದು ಮಾತ್ರೆ ತಗೋತಿರೋದಕ್ಕೇ ಅಲ್ವಾ? ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ. ಬಿಪಿಯೂ ಹಾಗೇ. ಏರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಹೋದ ತಿಂಗಳು ಒಬ್ಬ ಅಂಕಲ್ ಲಾಲ್‌ಬಾಗ್ ವಾಕಿಂಗ್ ಮುಗಿಸಿ ಬಂದರು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದುಹೋಗಿದ್ದ ಚೀಟಿ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆ ಬರೆದಿದ್ದ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, 'ಇದೊಂದು ಬಿಟ್ಟು ಉಳಿದದ್ದು ಕೊಡಮ್ಮ' ಎಂದರು. ಸ್ಟೆಂಟ್ ಹಾಕಿಸಿ ಆಗಿದ್ದು ನಾಲ್ಕೇ ತಿಂಗಳು! ನನಗೆ ಎದೆ ಝಲ್ಲೆಂದಿತು. ಸ್ಟೂಲ್ ಮೇಲೆ ಕೂರಿಸಿ ಹೇಳಿದೆ.

ಸ್ಟೆಂಟ್ ಅಂದರೆ ಹೃದಯದ ರಕ್ತನಾಳ ತೆರೆದಿರಲಿ ಅಂತ ಅದರೊಳಗೆ ಇಡುವ ಲೋಹದ ಸಣ್ಣ ಬಲೆ. ರಕ್ತನಾಳದ ಒಳಪದರ ಬೆಳೆದು ಅದನ್ನು ಮುಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇದೆ. ಹೆಪ್ಪುಗಟ್ಟಿದರೆ ಇನ್ನೊಂದು ಅಟ್ಯಾಕ್. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಥರದ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ರಕ್ತಸ್ರಾವದ ತೊಂದರೆ ಇರುವವರಿಗೆ ಬೇಗ ನಿಲ್ಲಿಸುವುದೂ ಉಂಟು. ಆದರೆ ಅದನ್ನು ಡಾಕ್ಟರೇ ಹೇಳಬೇಕು.

ಅಂಕಲ್ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಮೆಲ್ಲಗೆ, 'ಪ್ರತಿ ತಿಂಗಳೂ ಮಗನ ಹತ್ರ ದುಡ್ಡು ಕೇಳೋಕೆ ಮನಸ್ಸು ಬರಲ್ಲಮ್ಮ' ಎಂದರು. ವಿಷಯ ಅದು. ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿ ತುಂಬಾ ಕಡಿಮೆಗೆ ಸಿಗುತ್ತದೆ, ಅಲ್ಲೇ ತಗೊಳ್ಳಿ ಅಂತ ಕಳಿಸಿದೆ. ದುಡ್ಡಿನ ಕಷ್ಟ ಇದ್ದರೆ ದಯವಿಟ್ಟು ಬಾಯಿಬಿಟ್ಟು ಹೇಳಿ. ಡಾಕ್ಟರಿಗೂ ಹೇಳಿ.

ಸ್ಟ್ರೋಕ್ ಆದವರಿಗೆ ಒಂದು ಮಾತು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್ ಬೇರೆ, ಮೆದುಳಲ್ಲಿ ರಕ್ತನಾಳ ಒಡೆದು ಆದದ್ದು ಬೇರೆ. ನಾವು ಎರಡಕ್ಕೂ ಲಕ್ವ ಅಂತೀವಿ, ಔಷಧಿ ಮಾತ್ರ ಒಂದೇ ಅಲ್ಲ. ಪಕ್ಕದ ಮನೆಯವರ ಚೀಟಿ ತಂದು ಕೇಳಬೇಡಿ.

ಹೊಟ್ಟೆ ಉರಿ, ಮೈಕೈ ನೋವು ಬಂದರೆ ಡಾಕ್ಟರಿಗೆ ತಿಳಿಸಿ. ಅವರು ಡೋಸ್ ಕಮ್ಮಿ ಮಾಡಬಹುದು, ಮಾತ್ರೆ ಬದಲಿಸಬಹುದು. ಮಲ ಕಪ್ಪಗೆ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹಲ್ಲು ಕೀಳಿಸಬೇಕು ಅಂತ ನೀವೇ ನಾಲ್ಕು ದಿನ ಮೊದಲು ಮಾತ್ರೆ ಬಿಡಬೇಡಿ. ಹಲ್ಲಿನ ಡಾಕ್ಟರಿಗೆ ಸ್ಟೆಂಟ್ ಇದೆ ಅಂತ ಹೇಳಿ, ಹೃದಯದ ಡಾಕ್ಟರನ್ನೂ ಒಂದು ಮಾತು ಕೇಳಿ.