ಇಬ್ಬರು ದೊಡ್ಡವರು, ಒಂದು ನಾಯಿ

15 ಮೇ 2025, ಗುರುವಾರ ರಾತ್ರಿ
ಜರ್ಮನಿಯ ಮೊಸೆಲ್ ನದಿಯ ದಂಡೆ, ಕೋಖೆಮ್‌ನಿಂದ ಸ್ವಲ್ಪ ಮೇಲೆ

ಎಲ್ಲರೂ ಗಾಡಿಯೊಳಗೆ, ನಮ್ಮ ಬಾಡಿಗೆ ಮೋಟರ್‌ಹೋಮಿನಲ್ಲಿ, ಮಲಗಿದ್ದಾರೆ. ನದಿಯಲ್ಲಿ ಉದ್ದನೆಯ ಸರಕು ಹಡಗೊಂದು ಈಗಷ್ಟೇ ದಾಟಿತು. ನಾನು ಮಡಚುವ ಕುರ್ಚಿ ಹೊರಗೆ ಹಾಕಿಕೊಂಡು ಕೂತಿದ್ದೇನೆ. ಮೈಮೇಲೆ ಅಮ್ಮನ ಶಾಲು, ಕೈಯಲ್ಲಿ ಸಂಜೆ ಕ್ಯಾಂಪ್‌ಸೈಟಿನವರು ಕೊಟ್ಟ ಬಿಲ್ಲು. 38.50 ಯೂರೋ.

ಬೆಳಗ್ಗೆಯಿಂದ ನನ್ನ ತಲೆಯಲ್ಲಿ ಇದ್ದದ್ದು 21.

ಆ 21 ಪುಸ್ತಕದಲ್ಲಿದ್ದ ದರ. ಫೆಬ್ರವರಿಯಲ್ಲಿ ತರಿಸಿದೆನಲ್ಲ, ಎಸಿಎಸ್‌ಐ ಪುಸ್ತಕ, ಅದರ ಜತೆ ಬರುವ ಕ್ಯಾಂಪಿಂಗ್ ಕಾರ್ಡ್. ನೆದರ್‌ಲ್ಯಾಂಡ್ಸ್‌ನ ಸಂಸ್ಥೆ ಅದು, 1965ರಲ್ಲಿ ಶುರುವಾಗಿದ್ದು. ಯೂರೋಪಿನ ಮೂರು ಸಾವಿರಕ್ಕೂ ಜಾಸ್ತಿ ಕ್ಯಾಂಪ್‌ಸೈಟುಗಳು ಜನ ಕಡಿಮೆ ಇರುವ ತಿಂಗಳುಗಳಲ್ಲಿ ಈ ಕಾರ್ಡ್ ತೋರಿಸಿದವರಿಗೆ ನಿಗದಿತ ದರದಲ್ಲಿ ಜಾಗ ಕೊಡುತ್ತವೆ. ಗಾಡಿ ನಿಲ್ಲಿಸುವ ಜಾಗ, ಕರೆಂಟು, ಬಿಸಿನೀರಿನ ಸ್ನಾನ, ಇಬ್ಬರು ದೊಡ್ಡವರು, ಒಂದು ನಾಯಿ. ಎಲ್ಲಾ ಸೇರಿ ಒಂದೇ ದರ. ಪುಸ್ತಕಕ್ಕೆ ಕೊಟ್ಟಿದ್ದು ಇಪ್ಪತ್ತು ಚಿಲ್ಲರೆ ಯೂರೋ. ಎರಡು ಮೂರು ರಾತ್ರಿಯಲ್ಲಿ ಆ ದುಡ್ಡು ವಾಪಸ್ ಬರುತ್ತದೆ ಅಂತ ನನ್ನ ಗಂಡ ಪ್ರಸನ್ನನಿಗೂ ಲೆಕ್ಕ ಹಾಕಿ ತೋರಿಸಿದ್ದೆ.

ಇಬ್ಬರು ದೊಡ್ಡವರು ಅಂತ ಬರೆದದ್ದನ್ನು ಓದಿದ್ದೆ. ಓದಿ ಮುಂದಕ್ಕೆ ಹೋಗಿದ್ದೆ.

ಸಂಜೆ ರಿಸೆಪ್ಷನ್ನಿನ ಹುಡುಗಿ ಬಿಲ್ಲನ್ನು ನಮ್ಮ ಕಡೆ ತಿರುಗಿಸಿ ಒಂದೊಂದೇ ಸಾಲು ಪೆನ್ನಿನಲ್ಲಿ ತೋರಿಸಿದಳು. ಕಾರ್ಡಿನ ದರ 21. ಮೂರನೆಯ ದೊಡ್ಡವರು 8.50. ಮಗು 4.50, ಯಾಕೆಂದರೆ ಮಗಳು ಪುಟ್ಟಿಗೆ ಮಾರ್ಚಿನಲ್ಲಿ ಆರು ತುಂಬಿತು. ಐದರವರೆಗಾದರೆ ಕೆಲವು ಕಡೆ ಕಾರ್ಡಿನಲ್ಲೇ ಸೇರುತ್ತದೆ. ಊರಿನ ಅತಿಥಿ ತೆರಿಗೆ ಒಬ್ಬರಿಗೆ ಒಂದೂವರೆ, ಮೂವರಿಗೆ ನಾಲ್ಕೂವರೆ. ಅದು ಯಾವ ಕಾರ್ಡಿನಲ್ಲೂ ಸೇರುವುದಿಲ್ಲ. ಆ ಹುಡುಗಿಯದೇನೂ ತಪ್ಪಿಲ್ಲ. ಎಲ್ಲಾ ನಿಯಮದಂತೆ.

ಅಮ್ಮ ನನ್ನ ಪಕ್ಕದಲ್ಲೇ ಪಾಸ್‌ಪೋರ್ಟ್ ಎದೆಗವಚಿಕೊಂಡು ನಿಂತಿದ್ದಳು. ಜರ್ಮನ್ ಬರದಿದ್ದರೇನು, ಅಂಕಿ ಓದಲು ಬರುತ್ತದಲ್ಲ.

"ಇದೆಂತದು, ಎಂಟೂವರೆ?"

"ಏನಿಲ್ಲ ಅಮ್ಮ, ಬಾ."

"ನಂದಾ?"

ನಾನು ಮಾತಾಡಲಿಲ್ಲ. ಅಮ್ಮ ಗಾಡಿಯ ತನಕ ಸುಮ್ಮನೆ ನಡೆದಳು. ಯೂರೋವನ್ನು ರೂಪಾಯಿಗೆ ತಿರುಗಿಸುತ್ತಿದ್ದಾಳೆ ಅಂತ ನಡಿಗೆಯಲ್ಲೇ ಗೊತ್ತಾಯಿತು. "ಎಂಟುನೂರು ರೂಪಾಯಿ," ಅಂದಳು ಕೊನೆಗೆ. "ಮಲಗೋ ಜಾಗ ನಿಮ್ಮ ಗಾಡೀದು. ಅನ್ನ ನಾವೇ ಮಾಡ್ಕೊಳ್ಳೋದು. ಮತ್ತೆ ನನಗೆ ಎಂತಕ್ಕೆ ಎಂಟುನೂರು?"

ಸ್ನಾನದ ನೀರು, ಟಾಯ್ಲೆಟ್, ಪಾತ್ರೆ ತೊಳೆಯುವ ಜಾಗ, ಕಸ ಅಂತ ಹೇಳಿದೆ. ಕೇಳಿದಳು. ಆಮೇಲೆ ಪಕ್ಕದ ಗಾಡಿಯ ಮುಂದೆ ಪುಟ್ಟಿ ಮುದ್ದು ಮಾಡುತ್ತಿದ್ದ ಕಂದು ನಾಯಿಯನ್ನು ನೋಡಿ, "ಅದಕ್ಕೆಷ್ಟು?" ಅಂದಳು.

ಯೋಚನೆ ಮಾಡದೆ ಹೇಳಿಬಿಟ್ಟೆ. "ಒಂದು ನಾಯಿಗೆ ದುಡ್ಡಿಲ್ಲ ಅಮ್ಮ. ಕಾರ್ಡಲ್ಲೇ ಬರುತ್ತೆ."

"ಅಲ್ಲ ಮಾರಾಯ್ತಿ, ನಾಯಿಗಿಲ್ಲದ ದುಡ್ಡು ನನಗಾ?"

ನಗುತ್ತಲೇ ಹೇಳಿದಳು. ಪ್ರಸನ್ನನೂ ನಕ್ಕ. ಆದರೆ ಅರ್ಧ ಗಂಟೆ ಬಿಟ್ಟು ನಾನು ಟವೆಲ್ಲು ತೆಗೆದುಕೊಟ್ಟರೆ, ಇವತ್ತು ಸ್ನಾನ ಬೇಡ ಅಂದಳು. ದಿನಕ್ಕೆ ಎರಡು ಸಲ ಸ್ನಾನ ಮಾಡುವ ನನ್ನಮ್ಮ. ನಿನ್ನೆ ಸ್ನಾನವೇ ಆಗಿರಲಿಲ್ಲ. ನೀರು ಕಾರ್ಡಿನಲ್ಲೇ ಸೇರಿದೆ, ಎಷ್ಟು ಬೇಕಾದರೂ ಹುಯ್ದುಕೋ ಅಂತ ಮೂರು ಸಲ ಹೇಳಿದ ಮೇಲೆ ಹೋದಳು.

ನಿಜವಾಗಿ ಲೆಕ್ಕ ಹಾಕಿದರೆ ನಾವು ಕಳೆದುಕೊಂಡಿದ್ದೇನೂ ಇಲ್ಲ. ಕಾರ್ಡ್ ಇಲ್ಲದಿದ್ದರೆ ನಮ್ಮಿಬ್ಬರಿಗೆ, ಗಾಡಿಗೆ, ಕರೆಂಟಿಗೆ 32.50 ಆಗುತ್ತಿತ್ತು. ಅದರ ಮೇಲೆ ಅಮ್ಮ, ಪುಟ್ಟಿ, ತೆರಿಗೆ. ಒಟ್ಟು 50. ಹಾಗಾಗಿ ಹನ್ನೊಂದೂವರೆ ಯೂರೋ ಉಳಿದೇ ಉಳಿದಿದೆ. ಇದನ್ನು ಅಮ್ಮನಿಗೆ ಕಾಗದದ ಮೇಲೆ ಬರೆದೂ ತೋರಿಸಿದೆ. "ಸರಿ ಬಿಡು," ಅಂದಳು. ಅವಳ ಕಣ್ಣಿಗೆ ಕಂಡಿದ್ದು ಉಳಿದ ಹನ್ನೊಂದೂವರೆ ಅಲ್ಲ, ತನ್ನ ಹೆಸರಿನ ಮುಂದಿದ್ದ ಎಂಟೂವರೆ.

ನಿನ್ನೆ ರಾತ್ರಿ ಬೇರೆ ಥರ. ಒಂದು ಹಳ್ಳಿಯ ಸ್ಟೆಲ್‌ಪ್ಲಾಟ್ಸ್‌ನಲ್ಲಿ ನಿಂತಿದ್ದೆವು. ಜರ್ಮನಿಯಲ್ಲಿ ಊರೂರಿಗೂ ಇಂಥ ಜಾಗ ಇರುತ್ತದೆ, ಮೋಟರ್‌ಹೋಮ್ ನಿಲ್ಲಿಸಿ ಮಲಗೋದಕ್ಕೆ ಅಂತಲೇ. ಗಾಡಿಗೆ 12 ಯೂರೋ. ಒಳಗೆ ಇಬ್ಬರಿದ್ದರೂ ಅಷ್ಟೇ, ಐವರಿದ್ದರೂ ಅಷ್ಟೇ. ಕರೆಂಟಿನ ಕಂಬಕ್ಕೆ ನಾಣ್ಯ ಹಾಕಬೇಕು. ನಮ್ಮಂಥ ತುಂಬಿದ ಗಾಡಿಗೆ ಇದಕ್ಕಿಂತ ಅಗ್ಗ ಬೇರೆ ಇಲ್ಲ. ಆದರೆ ಅಲ್ಲಿ ಟಾಯ್ಲೆಟ್ ಇರಲಿಲ್ಲ, ಬಚ್ಚಲು ಇರಲಿಲ್ಲ. ನಮ್ಮ ಗಾಡಿಯ ಟ್ಯಾಂಕಿನಲ್ಲಿ ಹಿಡಿಯೋದು 100 ಲೀಟರ್ ನೀರು. ನಾಲ್ಕು ಜನ, ಅಡುಗೆ, ಪಾತ್ರೆ. ಅಮ್ಮ ಬೆಳಗ್ಗೆ ಒಂದು ಚೊಂಬು ನೀರಲ್ಲಿ ಮುಖ ತೊಳೆದು, ಸ್ನಾನ ಇಲ್ಲದೆ ದೇವರ ಫೋಟೋಗೆ ಕೈ ಮುಗಿಯಲೋ ಬೇಡವೋ ಅಂತ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅದನ್ನು ನೋಡಿಯೇ ಇವತ್ತು ಕ್ಯಾಂಪ್‌ಸೈಟೇ ಆಗಲಿ ಅಂದಿದ್ದು ನಾನು.

ಮಧ್ಯಾಹ್ನ ಬ್ರೆಮ್ ಹತ್ತಿರ ನದಿ ತಿರುಗುವ ಕಡೆ ನಿಲ್ಲಿಸಿದ್ದೆವು. ಕಾಲ್‌ಮೊಂಟ್ ಗುಡ್ಡ. ಯೂರೋಪಿನಲ್ಲೇ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಒಂದು. ಗೋಡೆಯ ಹಾಗೆ ಎದ್ದು ನಿಂತಿದೆ, ಅದರ ಮೇಲೆ ಬಳ್ಳಿಗಳು. ಅಮ್ಮ ಕೊಪ್ಪದ ಗುಡ್ಡಗಳಲ್ಲಿ ಓಡಾಡಿದವಳು. ತುಂಬಾ ಹೊತ್ತು ನೋಡಿ, "ಇದಕ್ಕೆ ಜನ ಹೆಂಗೆ ಸಿಗ್ತಾರೆ?" ಅಂದಳು. ಬೇರೆ ಯಾರೂ ಕೇಳದ ಪ್ರಶ್ನೆ.

ಪಕ್ಕದ ಡಚ್ ಅಜ್ಜ. ಅವರ ಬಗ್ಗೆ ಬರೀಬೇಕು. ಗಂಡ ಹೆಂಡತಿ, ಆ ಕಂದು ನಾಯಿ. ಕಾರ್ಡಿನಲ್ಲಿ ಬರೆದ ಹಾಗೇ, ಅಳತೆ ತಗೊಂಡು ಹೊಲಿದಂತೆ. ನಿವೃತ್ತರಾಗಿ ಹನ್ನೊಂದು ವರ್ಷ ಆಯಿತಂತೆ. ಊಟ ಆದ ಮೇಲೆ ನಮ್ಮ ಚಿತ್ರಾನ್ನ ಒಂದು ಡಬ್ಬಿ ಕೊಡಲು ಹೋದೆ. ಕೂರಿಸಿಕೊಂಡರು. ಕಾರ್ಡ್ ವಿಷಯ ಎತ್ತಿದ್ದು ನಾನೇ. ಇದು ನಿಜವಾಗಲೂ ಲಾಭವಾ ಅಂತ ಕೇಳಿದೆ. ಅಜ್ಜ ಒಂದು ಚಿಕ್ಕ ನೋಟ್‌ಬುಕ್ ತಂದರು. ಒಂದೊಂದು ರಾತ್ರಿಗೂ ಒಂದು ಸಾಲು. ಊರು, ಕಾರ್ಡಿನ ದರ, ಇಲ್ಲದಿದ್ದರೆ ಎಷ್ಟಾಗುತ್ತಿತ್ತು, ವ್ಯತ್ಯಾಸ. ಕಳೆದ ವರ್ಷ 83 ರಾತ್ರಿ. ಕೆಲವು ಕಡೆ ಹದಿನೈದು ಯೂರೋ ಉಳಿದಿದೆ. ಕೆಲವು ಕಡೆ ಎರಡು. ಒಂದೆರಡು ಕಡೆ ಸೊನ್ನೆ, ಯಾಕೆಂದರೆ ಅಲ್ಲಿ ಸೀಸನ್ ಇಲ್ಲದಾಗ ಎಲ್ಲರಿಗೂ ಅದೇ ದರ.

"ನನ್ನನ್ನು ಕೇಳಬೇಡಿ," ಅಂದರು. "ನಿಮಗೆ ವರ್ಷಕ್ಕೆ ಎಷ್ಟು ರಾತ್ರಿ ಸಿಗುತ್ತವೆ? ಯಾವ ತಿಂಗಳಲ್ಲಿ? ಅದನ್ನು ಮೊದಲು ಹೇಳಿ."

ಹೇಳಿದೆ. ಈ ಸಲ ಒಂಬತ್ತು ರಾತ್ರಿ. ಬಾಡಿಗೆ ಗಾಡಿ, ದಿನಕ್ಕೆ 105 ಯೂರೋ. ಅಜ್ಜ ತಲೆ ಅಲ್ಲಾಡಿಸಿದರು. ಬರುವ ಮೇ 29 ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ, ಜೂನ್ 8 ಪೆಂತೆಕೋಸ್ತ್ ಹಬ್ಬ. ಆ ರಜೆಗಳ ಸುತ್ತ ಜರ್ಮನಿಯಲ್ಲಿ ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಂತೂ ಹೆಚ್ಚಿನ ಕಡೆ ಇಲ್ಲ. ಪುಸ್ತಕದಲ್ಲಿ ಪ್ರತಿ ಸೈಟಿನ ಕೆಳಗೂ ತಾರೀಕು ಇರುತ್ತದೆ, ಬಾಗಿಲಿಗೆ ಹೋಗುವ ಮೊದಲು ಅದನ್ನು ನೋಡಿ ಅಂದರು. ಕಾರ್ಡನ್ನು ಹೊರಡುವಾಗ ಅಲ್ಲ, ಬಂದ ಕೂಡಲೇ ತೋರಿಸಬೇಕು. ಮತ್ತೆ ಒಂದು ಮಾತು ಹೇಳಿದರು, ಅದು ನನಗೆ ಸರಿಯಾಗಿ ನಾಟಿತು. ಕಾರ್ಡಿಗೋಸ್ಕರ ದಾರಿ ಬದಲಿಸಬೇಡಿ.

ನಾವು ಮಾಡಿದ್ದು ಅದನ್ನೇ. ಮಂಗಳವಾರ ಕಾರ್ಡ್ ನಡೆಯುತ್ತದೆ ಅಂತ 40 ಕಿಲೋಮೀಟರ್ ಸುತ್ತಿಕೊಂಡು ಹೋದೆವು. ಈ ಗಾಡಿ ನೂರು ಕಿಲೋಮೀಟರಿಗೆ 11 ಲೀಟರ್ ಡೀಸೆಲ್ ಕುಡಿಯುತ್ತದೆ. ಅಂದರೆ ಏಳು ಯೂರೋ. ಅಲ್ಲಿ ಉಳಿದದ್ದು ಆರು.

ಅಜ್ಜಿ ಇನ್ನೊಂದು ಕಾರ್ಡ್ ತೋರಿಸಿದರು, ಕ್ಯಾಂಪಿಂಗ್ ಕೀ ಯೂರೋಪ್. ರಿಸೆಪ್ಷನ್ನಿನಲ್ಲಿ ಪಾಸ್‌ಪೋರ್ಟ್ ಬದಲು ಅದನ್ನು ಕೊಡುತ್ತಾರಂತೆ. ನಮ್ಮಿಂದ ಯಾರದಾದರೂ ವಸ್ತು ಹಾಳಾದರೆ ಅಂತ ವಿಮೆಯೂ ಇದೆ. ಸ್ವೀಡನ್ನಿನಲ್ಲಿ ತುಂಬಾ ಬಳಕೆ. ಫ್ರಾನ್ಸಿಗೆ ಹೋದರೆ ಫ್ರಾನ್ಸ್ ಪ್ಯಾಶನ್ ಮಾಡಿಸಿಕೊಳ್ಳಿ ಅಂದರು. ವರ್ಷಕ್ಕೊಂದು ಸ್ಟಿಕ್ಕರ್. ಗಾಡಿಗೆ ಅಂಟಿಸಿಕೊಂಡರೆ ರೈತರ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ಒಂದು ರಾತ್ರಿ ಪುಕ್ಕಟೆ ನಿಲ್ಲಬಹುದು. ಗಾಡಿಯಲ್ಲೇ ಟಾಯ್ಲೆಟ್ಟು, ನೀರು ಇರಬೇಕು ಅಷ್ಟೇ. ತಲೆ ಎಣಿಸುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿದರೆ ಖುಷಿಯಾಗುತ್ತಾಳೆ. ತೋಟದ ಮನೆಗೆ ಹೋಗಿ ಉಳಿಯೋದು ಅವಳಿಗೆ ಗೊತ್ತಿರುವ ಕೆಲಸ.

ಮಧ್ಯೆ ಕರೆಂಟು ಹೋಯಿತು. ನಮ್ಮದೇ. ರೈಸ್ ಕುಕ್ಕರ್ ಮತ್ತು ಕೆಟಲ್ ಒಟ್ಟಿಗೆ ಹಾಕಿದ್ದ ಪ್ರಸನ್ನ. ಇಲ್ಲಿಯ ಪ್ಲಗ್ಗು 6 ಆಂಪಿಯರ್, ಅಂದರೆ 1380 ವ್ಯಾಟ್. ಒಂದು ಆದ ಮೇಲೆ ಇನ್ನೊಂದು ಅಂತ ಎಷ್ಟು ಸಲ ಹೇಳೋದು. ಅಜ್ಜನೇ ಬಂದು ಸ್ವಿಚ್ಚು ಎತ್ತಿಕೊಟ್ಟರು.

ವಾಪಸ್ ಬರುವಾಗ ಯೋಚನೆ ಪುಟ್ಟಿಯ ಕಡೆ ಹೋಯಿತು. ಮೇ ತಿಂಗಳಲ್ಲಿ ಹೀಗೆ ಒಂಬತ್ತು ದಿನ ಹೊರಟು ಬರೋದು ಇದೇ ಕೊನೆಯ ಸಲ. ಈಗಿನ್ನೂ ಕಿಂಡರ್‌ಗಾರ್ಟನ್, ಕೇಳಿ ಬಿಡಿಸಿಕೊಂಡು ಬಂದೆವು. ಸೆಪ್ಟೆಂಬರಿನಲ್ಲಿ ಒಂದನೇ ಕ್ಲಾಸು. ಆಮೇಲೆ ರಜೆ ಬಿಟ್ಟು ಒಂದು ದಿನವೂ ಬಿಡಿಸುವ ಹಾಗಿಲ್ಲ, ದಂಡ ಹಾಕುತ್ತಾರೆ. ಶಾಲೆಗೆ ರಜೆ ಇದ್ದಾಗ ಕಾರ್ಡಿಗೂ ರಜೆ. ಅಂದರೆ ಈ ಕಾರ್ಡು ಅಜ್ಜ ಅಜ್ಜಿಯರಿಗೆ. ಸಮಯ ಇದ್ದವರಿಗೆ. ಅಪ್ಪ ಅಮ್ಮಂದಿರಿಗೆ ಅಲ್ಲ.

ಅಮ್ಮ ಎಚ್ಚರವಾಗೇ ಇದ್ದಳು. ಅಜ್ಜ ಎಂತ ಹೇಳಿದರು ಅಂತ ಕೇಳಿದಳು. ಗಂಡ ಹೆಂಡತಿ ವರ್ಷಕ್ಕೆ ಮೂರು ತಿಂಗಳು ಹೀಗೇ ತಿರುಗುತ್ತಾರೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ ಇದ್ದಿದ್ರೆ ನಾವೂ ಇಬ್ಬರಾಗ್ತಿದ್ವಿ ನೋಡು," ಅಂದಳು. "ನಮ್ದೇ ಒಂದು ಕಾರ್ಡ್ ಆಗ್ತಿತ್ತು."

ಅಪ್ಪ ಅಡಿಕೆ ಕೊಯ್ಲು ಬಿಟ್ಟು ಧರ್ಮಸ್ಥಳಕ್ಕೂ ಎರಡು ದಿನ ಹೋದವರಲ್ಲ. ನಾನು ಏನೂ ಹೇಳಲಿಲ್ಲ. ಅಮ್ಮ ಆ ಕಡೆ ತಿರುಗಿ ಮಲಗಿದಳು.

ಆಮೇಲೆ ನಾಳೆಯ ಚಹಾಕ್ಕೆ ಅಂತ ಸಕ್ಕರೆ ಡಬ್ಬಿ ತೆಗೆದರೆ ಮೇಲೆ ಮಡಚಿದ ಹತ್ತು ಯೂರೋ ನೋಟು. ಹೊರಡುವಾಗ ಅಣ್ಣ ಅವಳಿಗೆ ಖರ್ಚಿಗೆ ಇರಲಿ ಅಂತ ಕೊಟ್ಟ ನೋಟುಗಳಲ್ಲಿ ಒಂದು. ಎಂಟೂವರೆ ಅವಳದು, ಒಂದೂವರೆ ಅವಳ ತೆರಿಗೆ. ಸರಿಯಾಗಿ ಹತ್ತು. ಆ ಕಾಗದದ ಲೆಕ್ಕವನ್ನು ಅವಳು ನನಗಿಂತ ಚೆನ್ನಾಗಿ ಓದಿದ್ದಾಳೆ.

ನೋಟು ಇನ್ನೂ ಡಬ್ಬಿಯಲ್ಲೇ ಇದೆ. ತೆಗೆದರೂ ತಪ್ಪು, ಬಿಟ್ಟರೂ ತಪ್ಪು.

ಕೂತು ಇನ್ನೊಂದು ಲೆಕ್ಕ ಹಾಕಿದೆ. ನಮ್ಮ ರಾಜ್ಯಕ್ಕೆ ಬೇಸಿಗೆ ರಜೆ ತಡವಾಗಿ ಬರುತ್ತದೆ, ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಈ ವರ್ಷ ಸೆಪ್ಟೆಂಬರ್ 13ರವರೆಗೆ. ಸೆಪ್ಟೆಂಬರ್ ಹುಟ್ಟಿದರೆ ಎಷ್ಟೋ ಕಡೆ ಕಾರ್ಡ್ ಮತ್ತೆ ನಡೆಯುತ್ತದೆ. ಹದಿಮೂರು ದಿನ ಶಾಲೆಗೂ ರಜೆ, ಕಾರ್ಡೂ ಇದೆ. ಕೋನ್‌ಸ್ಟಾನ್ಸ್ ಸರೋವರದ ಕಡೆ ಹೋಗಬಹುದು. ಪುಟ್ಟಿ ಶಾಲೆಗೆ ಹೋಗುವ ಮೊದಲ ದಿನಕ್ಕೂ ಅಮ್ಮ ಇರಬಹುದು, ಇಲ್ಲಿ ಮಕ್ಕಳು ಮಿಠಾಯಿ ತುಂಬಿದ ದೊಡ್ಡ ಕಾಗದದ ಕೋನು ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ದಿನ.

ಆದರೆ ಅಮ್ಮ ಬಂದದ್ದು ಮಾರ್ಚ್ 23ಕ್ಕೆ. ಟಿಕೆಟ್ ಇರೋದು ಜೂನ್ 20ಕ್ಕೆ. ಎಣಿಸಿದರೆ ಸರಿಯಾಗಿ 90 ದಿನ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಅಂದರೆ ಮತ್ತೆ ಒಳಗೆ ಕಾಲಿಡಬೇಕಾದರೆ ಸೆಪ್ಟೆಂಬರ್ 19 ಆಗಬೇಕು. ಅಷ್ಟರಲ್ಲಿ ಪುಟ್ಟಿಯ ಶಾಲೆ ಶುರುವಾಗಿರುತ್ತದೆ.

ಜೂನ್ 5ಕ್ಕೇ ಹೊರಟರೆ ಸೆಪ್ಟೆಂಬರಿಗೆ ಹದಿನೈದು ದಿನ ಕೈಯಲ್ಲಿ ಉಳಿಯುತ್ತದೆ. ವೀಸಾ ಮಲ್ಟಿಪಲ್ ಎಂಟ್ರಿ, ಹೋಗಿ ಮತ್ತೆ ಬರಬಹುದು. ಟಿಕೆಟ್ ಬದಲಿಸುವ ಖರ್ಚು, ಮತ್ತೆ ಬರುವ ಟಿಕೆಟ್ಟು, ಅದೆಲ್ಲಾ ಬೇರೆ. ಅದು ಹೇಗೋ ಆದೀತು. ಆದರೆ ಸಕ್ಕರೆ ಡಬ್ಬಿಯಲ್ಲಿ ಹತ್ತು ಯೂರೋ ಇಟ್ಟು ಮಲಗಿರುವವಳಿಗೆ ನಾಳೆ ಬೆಳಗ್ಗೆ, ಅಮ್ಮ, ನೀನು ಹದಿನೈದು ದಿನ ಮೊದಲೇ ಊರಿಗೆ ಹೋಗು ಅಂತ ಯಾವ ಬಾಯಲ್ಲಿ