ನುಸುಳುಕೋರ ಎಂದರೆ ಯಾರು?

ರಾತ್ರಿ ಕೋಳಿಗೂಡಿಗೆ ಏನಾದರೂ ಬಂದು ಹೋಗಿದ್ದರೆ ಬೆಳಿಗ್ಗೆ ನಮ್ಮಮ್ಮ ಮೊದಲು ನೋಡುತ್ತಿದ್ದುದು ಬೇಲಿಯನ್ನು. ಮುಳ್ಳುಕಂಟಿ ಚದುರಿ ಬಿದ್ದಿದ್ದರೆ "ನಾಯಿ ನುಗ್ಗಿದೆ" ಎನ್ನುತ್ತಿದ್ದರು. ಬೇಲಿ ಇದ್ದ ಹಾಗೆಯೇ ಇದ್ದು, ಬುಡದ ಸಂದಿಯ ಬಳಿ ಒಂದೆರಡು ಗರಿ ಮಾತ್ರ ಕಂಡರೆ "ಮುಂಗುಸಿ ನುಸುಳಿದೆ" ಎನ್ನುತ್ತಿದ್ದರು. ‘ನುಸುಳುಕೋರ’ ಎಂಬ ಪದವನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ ನನಗೆ ಆ ಬೇಲಿ ನೆನಪಾಗುತ್ತದೆ. ಇದ್ದ ಸಂದಿಯಲ್ಲೇ ಮೈ ಕುಗ್ಗಿಸಿಕೊಂಡು, ಕಾಯುವವರ ಕಣ್ಣು ತಪ್ಪಿಸಿ ಒಳಬರುವ ಆ ರೀತಿಯಲ್ಲೇ ಪದದ ಜೀವವಿದೆ. ಅಚ್ಚಾದ ಪುಸ್ತಕದಲ್ಲಿ ತಪ್ಪುಗಳು ನುಸುಳಿವೆ ಎನ್ನುವಾಗಲೂ ಕರಡು ತಿದ್ದಿದವರ ಕಣ್ಣಿಗೆ ಅವು ಬೀಳಲಿಲ್ಲವೆಂದೇ ಅರ್ಥ.

‘ಕೋರ’ ಪಾರಸಿಯಿಂದ ಬಂದ ಪ್ರತ್ಯಯ. ಮೂಲದಲ್ಲಿ ತಿನ್ನುವವನು ಎಂದರ್ಥ. ನಾವು ಲಂಚ ‘ತಿನ್ನುವುದು’ ಎನ್ನುವುದರಿಂದ ‘ಲಂಚಕೋರ’ದಲ್ಲಿ ಆ ಅರ್ಥ ಇನ್ನೂ ಹೊಂದುತ್ತದೆ. ದರೋಡೆಕೋರ, ದಂಗೆಕೋರ, ನುಸುಳುಕೋರಗಳಲ್ಲಿ ತಿನ್ನುವುದು ಮರೆಯಾಗಿ, ದೂಷಣೆ ಮಾತ್ರ ಉಳಿದಿದೆ. ದಾನ ಮಾಡುವವನನ್ನು ಯಾರೂ ದಾನಕೋರ ಎನ್ನುವುದಿಲ್ಲ.

ಈ ಪದ ಎಷ್ಟು ಹೇಳಬಲ್ಲದು, ಎಷ್ಟು ಮರೆಮಾಡಬಲ್ಲದು ಎಂಬುದು 1999ರ ಕಾರ್ಗಿಲ್‌ನಲ್ಲಿ ಕಾಣುತ್ತದೆ. ಚಳಿಗಾಲದಲ್ಲಿ ತೆರವಾಗಿದ್ದ ಶಿಖರಗಳನ್ನು ಸದ್ದಿಲ್ಲದೆ ಏರಿ ಕುಳಿತವರನ್ನು ಸುದ್ದಿಗಳು ಮೊದಮೊದಲು ನುಸುಳುಕೋರರೆಂದೇ ಕರೆದವು. ಬಂದ ರೀತಿಗೆ ಅದು ತಕ್ಕ ಪದವೇ. ಆದರೆ ಅವರು ಕಾಶ್ಮೀರಿ ಹೋರಾಟಗಾರರೆಂದು ಪಾಕಿಸ್ತಾನ ಹೇಳುತ್ತಿದ್ದಾಗ, ಅವರಲ್ಲಿ ಬಹುಪಾಲು ಜನ ಪಾಕಿಸ್ತಾನದ್ದೇ ಪಡೆಯಾದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರೆಂಬುದು ದಿನಗಳೆದಂತೆ ಸ್ಪಷ್ಟವಾಯಿತು. ಹೇಗೆ ಬಂದರು ಎಂಬುದನ್ನಷ್ಟೇ ಹೇಳುವ ಪದಕ್ಕೆ ಕಳುಹಿಸಿದವರು ಯಾರೆಂದು ಹೇಳುವ ಶಕ್ತಿ ಇರಲಿಲ್ಲ.

ಇಂದು ದಾಖಲೆಯಿಲ್ಲದ ಪ್ರತಿಯೊಬ್ಬ ಪರದೇಶಿಗೂ ಇದೇ ಪದವನ್ನು ಅಂಟಿಸುವುದು ನನಗೆ ನಿಜವಾಗಿಯೂ ನೋವು ತರುತ್ತದೆ. ಪೌರತ್ವ ಕಾಯ್ದೆಯ 2003ರ ತಿದ್ದುಪಡಿಯು ‘ಅಕ್ರಮ ವಲಸಿಗ’ ಎಂಬುದರಲ್ಲಿ ಎರಡು ಬಗೆಯವರನ್ನು ಸೇರಿಸಿದೆ: ಸರಿಯಾದ ದಾಖಲೆಯಿಲ್ಲದೆ ಒಳಬಂದವರು ಮತ್ತು ದಾಖಲೆಯೊಂದಿಗೆ ಬಂದು ಅವಧಿ ಮೀರಿ ಉಳಿದವರು. ಎರಡನೆಯವರು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ನಿಂತು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಬಂದವರು. ಅವರು ಕಾನೂನು ಮೀರಿದ್ದಾರೆ, ನಿಜ, ಆದರೆ ನುಸುಳಿಲ್ಲ.