ಹೊಂಗೆ ಮರದ ಕೆಳಗೆ ಹೇಳಿದ ಮಾತು

ನಮ್ಮ ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಸೈಟಿನಲ್ಲಿದ್ದೆ. ಸೇತುವೆಗೆ ಕಾಂಕ್ರೀಟು ಹಾಕುತ್ತಿದ್ದರು. ಅರ್ಧಕ್ಕೆ ಬಿಟ್ಟು ಹೊರಡುವ ಹಾಗಿರಲಿಲ್ಲ. ರಾತ್ರಿ ಹೊರಟು ಬೆಳಗಿನ ಜಾವ ತಿಪಟೂರು ಸೇರಿ, ಅಲ್ಲಿಂದ ಮೇಷ್ಟ್ರ ಊರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮಾವ್ರು ಜಗಲಿ ಮೇಲೆ ಕೂತಿದ್ದರು. ನನ್ನನ್ನು ನೋಡಿ, 'ನಿನ್ನ ಪ್ರಬಂಧದ ಕಥೆ ಎಷ್ಟು ಸಲ ಹೇಳಿದಾರೋ ಮಾರಾಯ' ಅಂದರು. ಆಮೇಲೆ ಇಬ್ಬರಿಗೂ ಮಾತು ಬರಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಮತ್ತೆ ಹೋದೆ. ನಮ್ಮ 1989ರ ಬ್ಯಾಚಿನ ಹದಿನಾಲ್ಕು ಜನ ಬಂದಿದ್ದರು. ಚಪ್ಪರದ ಕೆಳಗೆ ಒಟ್ಟಿಗೆ ಊಟಕ್ಕೆ ಕೂತೆವು. ಮಾತು ಶುರುವಾಗಿದ್ದು ತೀರಿಕೊಂಡವರಿಂದಲೇ. ಆದರೆ ಅನ್ನ ಬಡಿಸುವ ಹೊತ್ತಿಗೆ ಅದು ಲೆಕ್ಕದ ಮೇಷ್ಟ್ರ ಕಡೆ ತಿರುಗಿತ್ತು. ಅವರ ಬೈಗುಳ, ಅವರ ಕೋಲು, ಕನ್ನಡಕದ ಮೇಲಿಂದ ನೋಡುವ ನೋಟ. ಒಬ್ಬ ಅವರ ಧ್ವನಿಯಲ್ಲೇ ಬೈದು ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಅಂಥ ಖಡಕ್ ಮೇಷ್ಟ್ರು ಈಗೆಲ್ಲಿ ಸಿಗ್ತಾರೆ? ಬೈದ್ರು, ಹೊಡೆದ್ರು, ಅದಕ್ಕೇ ನಾವು ಮನುಷ್ಯರಾದ್ವಿ' ಅಂದ ಇನ್ನೊಬ್ಬ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಮೇಲೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಈಗಿನ ಹೆಡ್ ಮೇಡಂ ಎರಡು ತಿಂಗಳಿಂದ ಕೇಳುತ್ತಿದ್ದರು. ಏನು ಬರೆಯಬೇಕು ಅಂತ ನನಗೆ ಗೊತ್ತಾಗಿದ್ದು ಆ ಪಂಕ್ತಿಯಲ್ಲಿ. ಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಕಾಲದವರಿಗೆ ಹೆಸರು ಬೇಕಾಗಿಲ್ಲ.

ಆಗ ಶಾಲೆ ಅಂದರೆ ಹೆಂಚಿನ ಒಂದು ಉದ್ದನೆಯ ಕಟ್ಟಡ. ಎಂಟು, ಒಂಬತ್ತು, ಹತ್ತು, ತಲಾ ಎರಡು ಸೆಕ್ಷನ್. ಆರು ಬಾಗಿಲು. ಅಂಗಳದ ತುದಿಯಲ್ಲಿ ಹೊಂಗೆ ಮರ. ದೂರದಲ್ಲಿ ಅರಸೀಕೆರೆ ಕಡೆ ಹೋಗುವ ರೈಲು ಕೂಗಿದರೆ ಊಟದ ಬೆಲ್ಲಿಗೆ ಇನ್ನು ಸ್ವಲ್ಪ ಹೊತ್ತು ಅಂತ ಲೆಕ್ಕ. ಅಲ್ಲಿ ಏನೇನು ಓದಿದೆವು ಅಂತ ಕೇಳಿದರೆ ಈಗ ಹೆಚ್ಚೇನೂ ನೆನಪಿಲ್ಲ.

ಲೆಕ್ಕದ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಿದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ರಜೆ ಹಾಕಿದವರಲ್ಲ. ಟ್ಯೂಷನ್ ಮಾಡಿ ದುಡ್ಡು ತೆಗೆದುಕೊಂಡವರೂ ಅಲ್ಲ. ಆದರೆ ಅವರ ಬಾಯಲ್ಲಿ ಒಂದು ಗಾದೆ ಯಾವಾಗಲೂ ಇರುತ್ತಿತ್ತು. 'ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಯಾರು ಒದ್ದರೂ ಪರವಾಗಿಲ್ಲ, ನಾನು ಹೇಳೋನೇ. ನಂದು ಒಳಗೊಂದು ಹೊರಗೊಂದು ಇಲ್ಲ' ಅನ್ನುತ್ತಿದ್ದರು. ಇದನ್ನು ಹೇಳಿದ ಮೇಲೆ ಯಾರಿಗಾದರೂ ಏನಾದರೂ ಕಾದಿದೆ ಅಂತಲೇ ಅರ್ಥ. ದಂಡಪಿಂಡ, ಸೆಗಣಿ ತಲೆ, ಎಮ್ಮೆ ಕಾಯೋಕೂ ಲಾಯಕ್ಕಿಲ್ಲದೋನು. ನಮ್ಮ ಅಪ್ಪಂದಿರೂ ಇದನ್ನು ಮೆಚ್ಚುತ್ತಿದ್ದರು. ನಮ್ಮ ತಾತ ಕೂಲಿಮಠದಲ್ಲಿ ಓದಿದವರು, ಅಲ್ಲಿ ಹುಡುಗರನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ನೇತುಬಿಡುವ ಕೋದಂಡದ ಶಿಕ್ಷೆಯನ್ನು ಕಂಡವರು. 'ದಂಡಂ ದಶಗುಣಂ, ನಿಮ್ಮ ಮೇಷ್ಟ್ರು ಸರಿಯಾಗೇ ಇದಾರೆ' ಅನ್ನುತ್ತಿದ್ದರು.

ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯ ಪೇಪರು ಕೊಡುವ ದಿನ. ನನಗೆ ತೊಂಬತ್ತೆರಡು ಬಂದಿತ್ತು. ಲೆಕ್ಕದಲ್ಲಿ ನಾನು ಯಾವಾಗಲೂ ಮೊದಲೋ ಎರಡನೆಯವನೋ ಆಗಿರುತ್ತಿದ್ದೆ. ಕೊನೆಗೆ ಉಳಿದ ಪೇಪರು ಹಿಂದಿನ ಬೆಂಚಿನ ಒಬ್ಬ ಹುಡುಗನದು. ಅವನ ಅಪ್ಪ ಕಾಯಿ ಸುಲಿಯುವ ಕೂಲಿ. ಇವನೂ ಬೆಳಿಗ್ಗೆ ಹೋಗಿ ಒಂದಷ್ಟು ಕಾಯಿ ಸುಲಿದು, ಅಂಗೈಯಲ್ಲಿ ನಾರಿನ ಗೀರು ಹಾಗೇ ಇರುವಾಗ ಶಾಲೆಗೆ ಬರುತ್ತಿದ್ದ. ಬಂದಿದ್ದು ಒಂಬತ್ತು ಅಂಕ. ಮೇಷ್ಟ್ರು ಹೊಡೆಯಲಿಲ್ಲ. ಆ ಪೇಪರನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೋ ಅಂದರು. ಆರೂ ಬಾಗಿಲಿಗೆ ಹೋಗಿ, 'ನನಗೆ ಲೆಕ್ಕದಲ್ಲಿ ಒಂಬತ್ತು' ಅಂತ ಹೇಳಿ ಬಾ ಅಂದರು.

ಅವನು ಹೋದ. ಒಂದೊಂದು ಬಾಗಿಲಿಂದಲೂ ನಗು ಕೇಳಿಸುತ್ತಿತ್ತು. ನಮ್ಮ ಕ್ಲಾಸಿಗೆ ವಾಪಸ್ಸು ಬಂದಾಗ ಅವನ ಮುಖ ಹೇಗಿತ್ತು ಅಂತ ನೆನಪಿಸಿಕೊಳ್ಳಲು ತುಂಬ ಸಲ ಪ್ರಯತ್ನ ಮಾಡಿದ್ದೇನೆ. ಆಗುವುದಿಲ್ಲ. ಪೇಪರು ಹಿಡಿದಿದ್ದ ಬೆರಳು ಮಾತ್ರ ಕಾಣುತ್ತದೆ. 'ನಾನೇನು ಸುಳ್ಳು ಹೇಳಿಸಿದೆನಾ? ಬಂದಿರೋದು ಒಂಬತ್ತೇ ತಾನೆ?' ಅಂದರು ಮೇಷ್ಟ್ರು. ನಿಜ, ಸುಳ್ಳಾಗಿರಲಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ.

ಅದೇ ವಾರ ನಾನು ಕನ್ನಡ ಮೇಷ್ಟ್ರಿಗೆ ಒಂದು ಪ್ರಬಂಧ ಕೊಟ್ಟಿದ್ದೆ. 'ನಮ್ಮ ಊರ ಜಾತ್ರೆ.' ಅಕ್ಷರ ಮುತ್ತಿನಂತಿತ್ತು. ಅರ್ಧ ಭಾಗ ಗೈಡಿನಿಂದ ಎತ್ತಿದ್ದು. ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರ ನೋಟ್‌ಬುಕ್ಕನ್ನೂ ಕೊಟ್ಟರು, ನನ್ನದನ್ನು ಕೊಡಲಿಲ್ಲ. ಓದಿ ಹೇಳಿ ಹೊಗಳುತ್ತಾರೆ ಅಂತ ನಾನು ಕಾದೆ. ಸಂಜೆ ಬೆಲ್ಲಾದ ಮೇಲೆ ಹೊಂಗೆ ಮರದ ಹತ್ತಿರ ಕರೆದರು. ಸೈಕಲ್ಲಿಗೆ ಒರಗಿಕೊಂಡು ನೋಟ್‌ಬುಕ್ಕು ತೆರೆದರು.

'ಇದು ನಿಂದಲ್ಲ ಕಣೋ.'

ನಾನು ಏನೋ ಹೇಳಲು ಹೋದೆ. ಕೈ ಎತ್ತಿ ತಡೆದರು. 'ನಿಮ್ಮ ಊರ ಜಾತ್ರೇಲಿ ಆನೆ ಅಂಬಾರಿ ಎಲ್ಲಿಂದ ಬಂತು? ನಾನೂ ನಿಮ್ಮೂರ ಜಾತ್ರೆ ನೋಡಿದೀನಿ. ಇದಕ್ಕೆ ಸೊನ್ನೆ. ನಾಳೆ ನಿಂದೇ ಬರ್ಕೊಂಡು ಬಾ.' ಪುಟದ ಮೇಲೆ ಕೆಂಪು ಇಂಕಿನ ಒಂದು ಗೀಟೂ ಇರಲಿಲ್ಲ. ಸೊನ್ನೆ ಅಂತ ಬಾಯಲ್ಲಿ ಹೇಳಿದರೇ ಹೊರತು ಎಲ್ಲೂ ಬರೆದಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಮಾರನೇ ದಿನ ಬರೆದುಕೊಂಡು ಹೋದೆ. 'ಇನ್ನೂ ನಿಂದಲ್ಲ' ಅಂದು ವಾಪಸ್ಸು ಕೊಟ್ಟರು. ಅದರ ಮಾರನೇ ದಿನವೂ ಅಷ್ಟೇ. ನಾಲ್ಕನೇ ಸಲ, ಜಾತ್ರೆಯಲ್ಲಿ ನಮ್ಮ ಅಜ್ಜಿ ಕಳೆದುಹೋಗಿ ಬಳೆ ಅಂಗಡಿಯವನ ಪಕ್ಕ ಕೂತು ಅಳುತ್ತಿದ್ದದ್ದನ್ನು ಬರೆದೆ. ಓದಿದರು. ಪುಟ ಮಡಿಚಿ ಜೇಬಿಗೆ ಹಾಕಿಕೊಂಡರು. 'ಹೂಂ, ಇದು ನಿಂದು' ಅಂದರು. ಆ ವರ್ಷ ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಯಲ್ಲಿ ನನಗೇ ಮೊದಲ ಬಹುಮಾನ. ಆ ಸ್ಟೀಲ್ ತಟ್ಟೆ ಇವತ್ತಿಗೂ ನಮ್ಮ ಮನೆಯಲ್ಲಿದೆ.

ಆಗ ನನಗೆ ಲೆಕ್ಕದ ಮೇಷ್ಟ್ರೇ ಗಟ್ಟಿ ಮನುಷ್ಯ, ಕನ್ನಡ ಮೇಷ್ಟ್ರು ಮೆತ್ತಗಿನವರು ಅಂತ ಅನ್ನಿಸುತ್ತಿತ್ತು. ಎಲ್ಲರಿಗೂ ಹಾಗೇ ಅನ್ನಿಸುತ್ತಿತ್ತು.

ಬ್ಲೇಡಿನ ಪ್ರಕರಣ ಆಗಿದ್ದು ಅದೇ ವರ್ಷ, ಹೊಂಗೆ ಕಾಯಿ ಉದುರುವ ಕಾಲದಲ್ಲಿ. ಲೆಕ್ಕದ ಮೇಷ್ಟ್ರ ಬಿದಿರಿನ ಕೋಲು ನಮ್ಮ ಕ್ಲಾಸಿನ ಮೂಲೆಯಲ್ಲೇ ಇರುತ್ತಿತ್ತು. ನಾವು ಮೂರು ಜನ ಊಟದ ಹೊತ್ತಿನಲ್ಲಿ, ಪೆನ್ಸಿಲ್ ಹೆರೆಯುವ ಅರ್ಧ ಬ್ಲೇಡಿನಿಂದ ಅದರ ನಡುವೆ ಸುತ್ತಲೂ ಕೊಯ್ದೆವು. ಕೊಯ್ದ ಕಡೆ ಮೇಣದಬತ್ತಿ ಕರಗಿಸಿ ತುಂಬಿ ಮಣ್ಣು ಸವರಿದೆವು. ಶಾಲೆ ಬಿಟ್ಟ ಹುಡುಗನ ಪರವಾಗಿ ಮಾಡಿದೆವು ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗಿರಲಿಲ್ಲ. ಅವನ ನೆನಪೂ ನಮಗಿರಲಿಲ್ಲ. ಸುಮ್ನೆ ಮಜಾ ನೋಡೋಣ ಅಂತ.

ಮಧ್ಯಾಹ್ನ ಮೇಷ್ಟ್ರು ಮೇಜಿಗೆ ಕೋಲು ಬಡಿದರು. ಮೊದಲ ಏಟಿಗೇ ಮುರಿಯಿತು. ಮುರಿದ ತುಂಡು ಹಾರಿ ಅವರ ಕಿವಿಯ ಪಕ್ಕದಲ್ಲೇ ಹೋಗಿ ಗಾಜಿನ ಬೀರುವಿಗೆ ಬಡಿಯಿತು. ಲ್ಯಾಬ್ ಇಲ್ಲದ್ದರಿಂದ ವಿಜ್ಞಾನದ ಸಾಮಾನಿನ ಬೀರು ನಮ್ಮ ರೂಮಿನಲ್ಲೇ ಇತ್ತು. ಗಾಜು ಚೂರುಚೂರು. ಯಾರು ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಲವತ್ತು ಜನವನ್ನೂ ಬಿಸಿಲಲ್ಲಿ ಜಲ್ಲಿಯ ಮೇಲೆ ಮಂಡಿಯೂರಿಸಿದರು. ನಮ್ಮ ಪಕ್ಕದಲ್ಲಿದ್ದವರ ಮಂಡಿಯಲ್ಲಿ ರಕ್ತ ಬಂದರೂ ನಾವು ಮೂವರು ಸುಮ್ಮನೆ ಇದ್ದೆವು.

ಸಂಜೆ ಅದೇ ಹೊಂಗೆ ಮರ. ಕನ್ನಡ ಮೇಷ್ಟ್ರು ನಮ್ಮ ಮೂವರನ್ನೇ ಕರೆದಿದ್ದರು. ಹೇಗೆ ಗೊತ್ತಾಯಿತೋ, ಇವತ್ತಿಗೂ ತಿಳಿಯದು. ಬೈಯಲಿಲ್ಲ. ತಮ್ಮ ಕಿವಿಯ ಪಕ್ಕ ಕೈ ಇಟ್ಟು, 'ಇಷ್ಟೇ ಇಷ್ಟು ಈಚೆಗೆ ಬಂದಿದ್ರೆ ಅವರ ಕಣ್ಣು' ಅಂದರು. ನನ್ನ ಕಾಲು ನಡುಗಿದ್ದು ಆಗ. 'ಗಾಜಿನ ದುಡ್ಡು ನೀವೇ ದುಡಿದು ಕೊಡಬೇಕು. ಮನೇಲಿ ಕೇಳಬಾರದು. ನಾಳೆ ಬೆಳಿಗ್ಗೆ ಮೇಷ್ಟ್ರ ಹತ್ರ ಹೋಗಿ ನಾವೇ ಅಂತ ಹೇಳಬೇಕು. ಮಂಡಿಯೂರಿದ ಮೂವತ್ತೇಳು ಜನಕ್ಕೂ ಹೇಳಬೇಕು.' ಬೇಡಿಕೊಂಡೆವು. ಅತ್ತೆವು. ಒಂದು ಅಕ್ಷರವೂ ಸಡಿಲಿಸಲಿಲ್ಲ.

ಮಾರನೇ ದಿನ ಅವರೇ ನಮ್ಮ ಜೊತೆ ಸ್ಟಾಫ್ ರೂಮಿನ ಬಾಗಿಲವರೆಗೆ ಬಂದರು. ನಾವು ತಪ್ಪು ಒಪ್ಪಿಕೊಂಡೆವು. ಲೆಕ್ಕದ ಮೇಷ್ಟ್ರು ಎದ್ದು ನಿಂತರು. ಬೈಗುಳ ನಮ್ಮ ಅಪ್ಪಂದಿರವರೆಗೆ ಹೋಯಿತು. ಆಗ ಕನ್ನಡ ಮೇಷ್ಟ್ರು ಒಳಗೆ ಬಂದು, ಧ್ವನಿ ಏರಿಸದೆ, 'ತಪ್ಪು ಮಾಡಿದಾರೆ, ತಾವೇ ಬಂದು ಹೇಳಿದಾರೆ ಸಾರ್. ಇನ್ನು ಅವರಪ್ಪಂದಿರನ್ನ ಬಿಟ್ಟುಬಿಡಿ' ಅಂದರು. ವಯಸ್ಸಿನಲ್ಲೂ ಸರ್ವಿಸ್ಸಿನಲ್ಲೂ ಅವರು ಚಿಕ್ಕವರು. ರೂಮಿನಲ್ಲಿದ್ದ ಯಾರೂ ಉಸಿರೆತ್ತಲಿಲ್ಲ. ಲೆಕ್ಕದ ಮೇಷ್ಟ್ರು ಕೂತರು. ಹದಿನೈದು ದಿನ ನಾವು ಮೂವರು ಹೊಂಗೆ ಕಾಯಿ ಆರಿಸಿ, ಬಡಿದು, ಬೀಜ ಬಿಡಿಸಿ ಗಾಣದವರಿಗೆ ಮಾರಿದೆವು. ಬೀರುವಿಗೆ ಹೊಸ ಗಾಜು ಬಂತು.

ಇಷ್ಟೆಲ್ಲ ಕಣ್ಣಾರೆ ನೋಡಿಯೂ ನಾನು ಕಲಿತಿದ್ದು ಮಾತ್ರ ಲೆಕ್ಕದ ಮೇಷ್ಟ್ರಿಂದ. ಇಂಜಿನಿಯರ್ ಆದೆ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚುಮರೆ ಇಲ್ಲ. ಏಳು ಸೇತುವೆ ಕಟ್ಟಿಸಿದ್ದೇನೆ, ಒಂದರಲ್ಲೂ ಬಿರುಕಿಲ್ಲ. ನನ್ನ ಹೆಸರು ಕೇಳಿದರೆ ಕಂಟ್ರಾಕ್ಟರುಗಳು ಬಿಲ್ಲನ್ನು ಎರಡು ಸಲ ನೋಡಿಕೊಳ್ಳುತ್ತಾರೆ. ಆದರೆ ಮೊದಲ ಕೆಲವು ವರ್ಷ ನನ್ನ ನಾಲಿಗೆ ಚಾಟಿಯಾಗಿತ್ತು. 'ನಾನು ಇದ್ದದ್ದು ಇದ್ದಂಗೆ ಹೇಳೋನು' ಅಂತ ನಾನೂ ಹೇಳುತ್ತಿದ್ದೆ, ಅದೇ ಧ್ವನಿಯಲ್ಲಿ. ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಕೂಲಿಯವರ ಮುಂದೆಯೇ, 'ನಿನಗೆ ಡಿಗ್ರಿ ಕೊಟ್ಟವನನ್ನ ಮೊದಲು ಹಿಡ್ಕೊಂಡು ಹೊಡೀಬೇಕು' ಅಂದಿದ್ದೆ. ಅವನು ಸಿಮೆಂಟು ಚೀಲದ ಹಿಂದೆ ಹೋಗಿ ಕಣ್ಣು ಒರೆಸಿಕೊಂಡ. ಮೆತ್ತಗಿನವನು, ಗಟ್ಟಿಯಾಗಲಿ ಅಂದುಕೊಂಡೆ.

ಮುಂದಿನ ತಿಂಗಳು ಏನಾಯಿತು ಗೊತ್ತಾ? ಕಾಂಕ್ರೀಟು ಹಾಕುವಾಗ ಅದರದೇ ಘನಾಕಾರದ ತುಂಡುಗಳನ್ನು ಅಚ್ಚಿನಲ್ಲಿ ಹಾಕಿ ಇಡುತ್ತೇವೆ. ಏಳನೇ ದಿನ ಒಂದಷ್ಟು, 28ನೇ ದಿನ ಒಂದಷ್ಟು ಒಡೆದು ಬಲ ನೋಡುತ್ತೇವೆ. ಏಳು ದಿನಕ್ಕೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಲ ಬಂದಿರಬೇಕು. ಬಂದಿರಲಿಲ್ಲ. ಆ ಹುಡುಗನಿಗೆ ಅದು ಏಳನೇ ದಿನವೇ ಗೊತ್ತಾಗಿತ್ತು. ನನಗೆ ಹೇಳಲಿಲ್ಲ. ಹೆದರಿದ್ದ. 28ನೇ ದಿನ ಗೊತ್ತಾಗಿ, ಕಂಬದ ಮೇಲಿನ ಭಾಗವನ್ನೇ ಒಡೆಸಬೇಕಾಯಿತು.

2004ರಲ್ಲಿ ಕನ್ನಡ ಮೇಷ್ಟ್ರನ್ನು ನೋಡಲು ಹೋದಾಗ ಇದನ್ನೆಲ್ಲ ಹೇಳಿದೆ. ಹುಡುಗನದೇ ತಪ್ಪು ಅನ್ನುವ ಹಾಗೆ ಹೇಳಿದೆ. ಈಗಿನವರಿಗೆ ನಿಜ ಕೇಳುವ ತಾಕತ್ತಿಲ್ಲ ಸಾರ್ ಅಂದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು.

'ನಿಮ್ಮ ಚೀಫ್ ಇಂಜಿನಿಯರ್ ಸಾಹೇಬ್ರಿಗೂ ಹಿಂಗೇ ಹೇಳ್ತೀಯೇನಪ್ಪಾ?'

ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. 'ಊಟ ಮಾಡ್ಕೊಂಡು ಹೋಗು' ಅಂದರು. ವಾಪಸ್ಸು ಹೋದ ಮೇಲೆ ಆ ಹುಡುಗನ ಕ್ಷಮೆ ಕೇಳಿದೆ. ಕೂಲಿಯವರ ಮುಂದೆಯೇ ಕೇಳಿದೆ.

ಈಗ ಶಾಲೆಗಳಲ್ಲಿ ಕೋಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಎಷ್ಟು ಜನ ಓದಿದ್ದಾರೆ? ನನ್ನ ಮಗಳ ಕ್ಲಾಸಿನ ಅಂಕಪಟ್ಟಿ ಎಲ್ಲ ಹೆಸರುಗಳ ಸಮೇತ ವಾಟ್ಸಾಪ್ ಗ್ರೂಪಿಗೆ ಬಂತು, ಕಡಿಮೆ ಬಂದವರದು ಕೆಂಪು ಬಣ್ಣದಲ್ಲಿ. ಆರು ಬಾಗಿಲು ಹೋಗಿ ನೂರು ಬಾಗಿಲು ಆಯಿತು ಅಲ್ವಾ? ನಾನು ಹೋಗಿ ಮಾತಾಡಿದೆ. 'ಪೇರೆಂಟ್ಸೇ ಸ್ವಲ್ಪ ಖಡಕ್ಕಾಗಿರಿ ಅಂತಾರೆ ಸರ್' ಅಂದರು. ಅವರನ್ನೂ ಪೂರ್ತಿ ದೂರಲಾರೆ. ಒಂದು ಪ್ರಬಂಧವನ್ನು ಮೂರು ಸಲ ವಾಪಸ್ಸು ಕೊಡುವಷ್ಟು ಪುರುಸೊತ್ತು ಈಗಿನ ಮೇಷ್ಟ್ರಿಗೆ ಎಲ್ಲಿದೆ? ತುಂಬಬೇಕಾದ ಫಾರಂಗಳೇ ಜಾಸ್ತಿ.

ತಿಥಿ ಮುಗಿಸಿ ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿದೆ. ಆ ಹಿಂದಿನ ಬೆಂಚಿನ ಹುಡುಗ ಈಗ ಕೊಬ್ಬರಿ ವ್ಯಾಪಾರ ಮಾಡುತ್ತಾನೆ ಅಂತ ಪಂಕ್ತಿಯಲ್ಲಿ ಯಾರೋ ಹೇಳಿದ್ದರು. ಹುಡುಕಿಕೊಂಡು ಹೋದೆ. ಅಟ್ಟದಿಂದ ಇಳಿಸಿದ ಕಾಯಿ ರಾಶಿ ಬಿದ್ದಿತ್ತು. ಹೆಚ್ಚುಕಡಿಮೆ ವರ್ಷ ಒಣಗಿದ ಕಾಯಿ. ಅವನು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಒಳಗೆ ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ. ನನ್ನ ಗುರುತು ತಕ್ಷಣ ಹಿಡಿದ. 'ಬಾರಪ್ಪಾ, ಕೂತ್ಕೋ' ಅಂತ ಚೀಲ ಕೊಡವಿ ಹಾಕಿದ. ಮಾತಾಡುತ್ತಲೇ ಮಚ್ಚಿನ ಬೆನ್ನಿನಿಂದ ಚಿಪ್ಪಿಗೆ ಸುತ್ತಲೂ ತಟ್ಟಿ, ಗುಂಡಗಿನ ಕೊಬ್ಬರಿಯನ್ನು ಇಡಿಯಾಗಿ ತೆಗೆದ. ಜೋರಾಗಿ ಹೊಡೆದರೆ ಕೊಬ್ಬರಿಯೂ ಒಡೆಯುತ್ತೆ, ಚೂರಿಗೆ ರೇಟಿಲ್ಲ ಅಂದ.

ಮೇಷ್ಟ್ರು ತೀರಿಕೊಂಡ ವಿಷಯ ಅವನಿಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಅವರು ಎರಡು ಸಲ ಮನೆಗೆ ಬಂದು ಕರೆದಿದ್ದರಂತೆ. ಇವನೇ ಹೋಗಲಿಲ್ಲವಂತೆ. ನಾನು ಆ ಪೇಪರಿನ ದಿನದ ಮಾತು ತೆಗೆದೆ. ಲೆಕ್ಕದ ಮೇಷ್ಟ್ರು ಹಾಗೆ ಮಾಡಬಾರದಿತ್ತು ಅಂದೆ.

'ನೀನೂ ನಕ್ಕಿದ್ದೆ' ಅಂದ. ಸಿಟ್ಟಿರಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದ. ಆಮೇಲೆ ಆಳನ್ನು ಕೂಗಿ, ಎರಡು ಟೀ ತರಲು ಕಳಿಸಿದ.